ಜೋಡಿ ಹೊಲಿಗೆ

ಪೆಟ್ಟಿಗೆ ಬಿಚ್ಚಿದರೆ ಸಾಕು, ಎಲ್ಲಿಯದೆಂದು ಹೇಳಬಲ್ಲೆ.
ಸಂಡೂರಿನದಾದರೆ ಫ್ಯಾನಿನ ರೆಕ್ಕೆಗೆ ಅದಿರಿನ ಕೆಂಪು,
ಸಿರುಗುಪ್ಪದ ಮಿಲ್ಲಿನದಾದರೆ ಭತ್ತದ ತೌಡು.
ಕೌಲ್ ಬಜಾರಿನ ಹೊನ್ನೂರಬಿಯ ಕಂಪ್ಯೂಟರಿನೊಳಗೆ
ನೀಲಿ.
ಜೀನ್ಸು ಕತ್ತರಿಸಿದಾಗ ಹಾರುವ ಎಳೆಯ ನೀಲಿ,
ಇಲಿಮರಿಯಂತೆ ಮೆತ್ತಗೆ ಮುದುಡಿ
ಪ್ರೊಸೆಸರಿನ ನೆತ್ತಿ ಮೇಲೆ ಮಲಗಿತ್ತು.

"ಕಾಲು ತಾಸು ನಡೀತೈತೆ ಎರ್ರೆಪ್ಪಣ್ಣಾ,
ಆಮೇಲೆ ತಂತಾನೇ ಕಣ್ಣು ಮುಚ್ಚುತ್ತೆ. ವೈರಸ್ಸಾ?"

ವೈರಸ್ಸಲ್ಲ ತಾಯಿ, ಸೆಕೆ.
ಏಪ್ರಿಲ್ಲಿನ ಬಳ್ಳಾರಿ ಇದು, ಗುಡ್ಡದ ಬಂಡೆ
ರಾತ್ರಿ ಹತ್ತಕ್ಕೂ ರೊಟ್ಟಿ ಹಂಚಿನಂಗೆ ಕಾದಿರುತ್ತೆ,
ಅಂಥಾದ್ರಲ್ಲಿ ನೀನು ಇದಕ್ಕೆ…
ಮಾತು ನುಂಗಿದೆ.
ಕೈಯಲ್ಲಿತ್ತು ಅವಳೇ ಹೊಲಿದ ಹೊದಿಕೆ:
ಉಳಿಕೆ ತುಂಡುಗಳ ಜೀನ್ಸು, ಕಿತ್ತಳೆ ದಾರ,
ಮೂಲೆಮೂಲೆಗೆ ತಾಮ್ರದ ಗುಂಡಿ,
ಪೆನ್‌ಡ್ರೈವಿಗೆಂದೇ ಒಂದು ಪುಟ್ಟ ಕಿಸೆ.
ಇಪ್ಪತ್ತೆರಡು ವರ್ಷದ ರಿಪೇರಿಯಲ್ಲಿ
ಇಷ್ಟು ಚಂದ ಉಟ್ಟ ಯಂತ್ರ ಕಂಡಿರಲಿಲ್ಲ.
ಉಟ್ಟೇ ಉಸಿರು ಕಟ್ಟಿತ್ತು, ಪಾಪ.

"ಮಲಗಿದಾಗ ಹೊದಿಸು," ಅಂದೆ, "ಎದ್ದಾಗ ತೆಗಿ.
ಗೋಡೆಗೆ ಆನಿಸಬ್ಯಾಡ, ಗೇಣು ಜಾಗ ಬಿಡು."
ಅರ್ಧ ಇಂಚಿನ ಪೇಂಟ್ ಬ್ರಶ್ಶು ಅವಳ ಕೈಗೇ ಕೊಟ್ಟೆ.
ಪ್ಲಗ್ ಕಿತ್ತ ಮೇಲೇ ಮುಟ್ಟಬೇಕು. ಫ್ಯಾನು ತಿರುಗದಂತೆ
ಒಂದು ಬೆರಳು ಅಡ್ಡ, ದಾರ ಪೋಣಿಸುವಾಗ
ಮೆಷಿನ್ನಿನ ಚಕ್ರ ಹಿಡೀತೀಯಲ್ಲ, ಹಂಗೆ.
ಬಾಯಿಂದ ಊದಬ್ಯಾಡ, ಎಂಜಲು ಹಾರುತ್ತೆ.
ಮಗಳ ಕಂಪಾಸಿನಿಂದ ರಬ್ಬರು ತರಿಸಿ
ರ‍್ಯಾಮಿನ ಹೊಂಬಣ್ಣದ ಹಲ್ಲು ತಿಕ್ಕಿ ತೋರಿಸಿದೆ.
ಆ ಹುಡುಗಿ, ಮುಬೀನಾ, ಕೇಳಿಯೇಬಿಟ್ಟಳು:
"ಇಷ್ಟಕ್ಕೆ ಮುನ್ನೂರಾ ಮಾಮಾ?"
ಇನ್ನೂರು ತಗೊಂಡೆ.

ಮಾನಿಟರಿನ ಹಣೆಗೆ ಹೊಲಿಗೆ ಚಾಕಿನಲ್ಲಿ
ಬರೆದಿತ್ತು ಪಾಸ್‌ವರ್ಡು. ಮಗಳ ಹೆಸರು, ಹುಟ್ಟಿದ ಇಸವಿ.
ಬ್ಯಾಂಕಿಗೂ ಅದೇ, ಕರೆಂಟ್ ಬಿಲ್ಲಿಗೂ ಅದೇ.
"ಮನೆ, ಟ್ರಂಕು, ಅಂಗಡಿ, ಮೂರಕ್ಕೂ ಒಂದೇ ಕೀಲಿಕೈ ಇಡ್ತೀಯಾ?"
ಉತ್ತರ ಕೊಡದೆ ಸೆರಗಿನಿಂದ ಒರೆಸಿದಳು.
ಒಂದಕ್ಕೊಂದು ನಂಟಿಲ್ಲದ ನಾಲ್ಕು ಮಾತು ಕೂಡಿಸು ಅಂದೆ,
ನನಗೂ ಹೇಳಬ್ಯಾಡ ಅಂದೆ,
ಬೀದಿ ಕಡೆ ಮುಖ ಮಾಡಿ ನಿಂತೆ.
ಬೆನ್ನ ಹಿಂದೆ ಕೀಬೋರ್ಡಿನ ಟಕಟಕ, ಕಿಸಕ್ಕನೆ ಒಂದು ನಗು.
ಏನು ಬರೆದಳೋ.
ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ.

ಇನ್ನು ಬ್ಯಾಕಪ್ಪಿನ ಪಾಠ. ಗಂಟಲು ಸರಿಮಾಡಿಕೊಂಡು
"ಹಾರ್ಡ್‌ಡಿಸ್ಕು ಹೇಳಿ ಕೇಳಿ ಹೋಗಂಗಿಲ್ಲ ನೋಡು"
ಅನ್ನುವಷ್ಟರಲ್ಲಿ ಅರೆ ಹೊಲಿದ ಪ್ಯಾಂಟೊಂದನ್ನು
ಒಳಮಗ್ಗುಲು ತಿರುವಿ ಹಿಡಿದಳು ಹೊನ್ನೂರಬಿ:
"ಇಲ್ಲಿ ಎಳೆತ ಜಾಸ್ತಿ. ಅದಕ್ಕೇ ಜೋಡಿ ಹೊಲಿಗೆ.
ಒಂದು ಬಿಟ್ಟರೂ ಕುಂತವನ ಮಾನ ಇನ್ನೊಂದು ಕಾಯ್ತೈತೆ.
ಪೀಸಿನ ಲೆಕ್ಕ ಇದರಾಗೊಂದು, ಪೆನ್‌ಡ್ರೈವಿನಾಗೊಂದು.
ಇದೇ ತಾನೆ ನೀನು ಹೇಳೋದು?"

ಇದೇ. ಆದರೂ ಸೋಲಬಾರದೆಂದು ಅಂದೆ,
"ಪೆನ್‌ಡ್ರೈವು ಇದರ ಕಿಸೇಲೇ ಇದ್ದು, ಮನೆಗೆ ಕಳ್ಳ ಬಿದ್ದರೆ?"
"ಹಂಗಾದ್ರೆ ತಂಗಿ ಮನೇಲಿ ಇಡ್ತೀನಿ."
ಚಹಾ ಬಸಿಯುತ್ತ ಸುಮ್ಮನೆ ಕೇಳಿದಳು,
"ನಿಂದು ಎಲ್ಲೈತೆ ಅಣ್ಣಾ, ಎರಡನೇ ಹೊಲಿಗೆ?"

ಸ್ಕ್ರೂ ಎಣಿಸಿದೆ.
ಎಂಟಿರಬೇಕಿತ್ತು, ಏಳಿದ್ದವು.
ಮತ್ತೆ ಎಣಿಸಿದೆ.

ಅಂಗಡಿಗೆ ಬಂದು ಷಟರು ಅರ್ಧಕ್ಕೆ ಇಳಿಸಿ
ಒಂಬತ್ತು ವರ್ಷದ ಗಿರಾಕಿಗಳ ಬಾಕಿ, ಅಕ್ಕನ ಮದುವೆ ಫೋಟೊ,
ಎಲ್ಲ ಕಾಪಿಗೆ ಹಾಕಿ ಕೂತಿದ್ದೇನೆ.
ಎರಡು ತಾಸು ಬೇಕು ಅಂತು. ಆಮೇಲೆ ಹನ್ನೊಂದು ನಿಮಿಷ ಅಂತು.
ಈಗ ಮೂರು ತಾಸು ಅನ್ನುತ್ತಿದೆ.
ಗುಡ್ಡದ ಆಚೆ ಗುಡುಗು.
ಗುಡುಗಿದರೆ ಮೊದಲು ಪ್ಲಗ್ ಕೀಳಿ ಅಂತ
ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನೇ.
ತೋಳಿಗಂಟಿದ ನೀಲಿ ಎಳೆ ಬಿಡಿಸುತ್ತ
ಕೂತಿದ್ದೇನೆ, ಒಂದು ಕೈ ಪ್ಲಗ್ಗಿನ ಮೇಲೆ.